ಖಾಲಾನ ಬಲಗೆನ್ನೆ

ಅವಳ ಬಲಗೆನ್ನೆಯ ಬಣ್ಣವೇ ಬೇರೆ, ಎಡಗೆನ್ನೆಯದೇ ಬೇರೆ. ಒಂದು ತಿಂಗಳು ಬಲಗೆನ್ನೆ ಬೆಳ್ಳಗಿದ್ದರೆ ಇನ್ನೊಂದು ತಿಂಗಳು ಕೆಂಪಗೆ, ಕೆಲವೊಮ್ಮೆ ತುಂಬ ಸಣ್ಣ ಗುಳ್ಳೆ. ಮಾದನಹಿಪ್ಪರಗಾದಲ್ಲಿ ಮನೆಮನೆಗೆ ಬಳೆ, ಸ್ನೋ, ಪೌಡರು ಹೊತ್ತು ತರುತ್ತಿದ್ದ ಆಕೆಯನ್ನು ಊರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು. ಆಳಂದದ ಸಂತೆಯಿಂದ ಹೊಸ ಸಾಮಾನು ತಂದರೆ ಹದಿನೈದು ದಿನ ತನ್ನ ಬಲಗೆನ್ನೆಗೆ ಹಚ್ಚಿ ನೋಡದೆ ಯಾರಿಗೂ ಕೊಡುತ್ತಿರಲಿಲ್ಲ. "ಮೊದಲ ನನ್ನ ಗಲ್ಲ, ಆಮ್ಯಾಲ ನಿಮ್ಮ ಗಲ್ಲ" ಎನ್ನುತ್ತಿದ್ದಳು. ಒಮ್ಮೆ ಯಾವುದೋ ಸ್ನೋ ಕೆರೆತ ತಂದಿತೆಂದು ಇಡೀ ಗಂಟನ್ನೇ ಹಳ್ಳಕ್ಕೆ ಎಸೆದು ಬಂದಿದ್ದಳು.

"ಎಡಗಲ್ಲ ಏನ್ ಪಾಪ ಮಾಡ್ಯದ ಖಾಲಾ?" ಎಂದು ನಾವು ಹುಡುಗಿಯರು ಕಾಡುತ್ತಿದ್ದೆವು.

"ಅದು ನಿಮ್ಮ ಖಾಲೂನ ಪಾಲಿಂದು. ಸುಮ್ನ ಕೈ ಕೊಡ ಬೇ" ಎಂದು ಗಂಡನ ನೆಪ ಹೇಳಿ ಬಳೆ ತೊಡಿಸುತ್ತಿದ್ದಳು.

ಬಿಸಿಲೆಂದರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ತಲೆಯ ಮೇಲೆ ಸೆರಗು, ಅದರ ಮೇಲೆ ಕರಿ ಛತ್ರಿ. ಹೊತ್ತು ಏರಿತೆಂದರೆ ಯಾರದಾದರೂ ಪಡಸಾಲೆ ಸೇರಿಬಿಡುವಳು.

ಎಂಬತ್ತರ ದಶಕದ ಮಾತಿದು. ಮಣ್ಣೂರಿನಿಂದ ನನ್ನನ್ನು ನೋಡಲು ಬಂದರು. ಅವತ್ತು ಅವ್ವ ನನ್ನ ಮುಖಕ್ಕೆ ಗೋಡೆಗೆ ಸುಣ್ಣ ಬಳಿದ ಹಾಗೆ ಪೌಡರು ಬಳಿದು, "ಹುಟ್ಟಾ ಕೆಂಪ ಅದಾಳ್ರಿ. ಸಾಬೂನು ಬಿಟ್ರ ಮಾರಿಗೆ ಏನೂ ಹಚ್ಚಿದಾಕಿ ಅಲ್ಲ" ಎಂದುಬಿಟ್ಟಳು. ಅವರು ಒಪ್ಪಿದರು, ವೈಶಾಖದಲ್ಲಿ ಮದುವೆ ಎಂದಾಯಿತು. ನಮ್ಮ ಕಡೆ ಕೆಂಪೆಂದರೆ ಬೆಳ್ಳಗಿನ ಮೈಬಣ್ಣ; ಅಷ್ಟರೊಳಗೆ ನಾನು ನಿಜವಾಗಿಯೂ ಕೆಂಪಗಾಗಬೇಕಿತ್ತಲ್ಲ! ಅವ್ವ ಖಾಲಾನ ಬೆನ್ನು ಹತ್ತಿದಳು. ಆಗ ಸಂತೆಗೆ ಹೊಸದೊಂದು ಕ್ರೀಮು ಬಂದಿತ್ತು, ಹೆಸರಿಲ್ಲ ಕುಲವಿಲ್ಲದ ಸಣ್ಣ ಡಬ್ಬಿ. ಖಾಲಾ ಎಂದಿನಂತೆ ಹಚ್ಚಿ ನೋಡಿದಳು. ಹದಿನೈದು ದಿನಕ್ಕೆ ಬಲಗೆನ್ನೆ ಹೊಳೆಯತೊಡಗಿತು. ನಮಗೊಂದು ಡಬ್ಬಿ ಕೊಟ್ಟಳು, ಇನ್ನೂ ನಾಲ್ಕಾರು ಮನೆಗೂ ಕೊಟ್ಟಳು.

ಅದು ಕಡಲೆ ಕೀಳುವ ಕಾಲ. ಮದುವೆ ಹುಡುಗಿ ಎಂದು ಮನೆಯಲ್ಲಿ ಕೂಡಿಸುವಷ್ಟು ಕೈಗಳು ನಮ್ಮಲ್ಲಿರಲಿಲ್ಲ. ಮುಂಜಾನೆ ಕ್ರೀಮು ಹಚ್ಚಿಕೊಂಡು ಹೊಲಕ್ಕೆ ಹೋದರೆ ಬರುವುದು ಸಂಜೆಗೆ. ಮೊದಮೊದಲು ಮುಖ ಬೆಳ್ಳಗಾಯಿತು, ನಾನು ಕನ್ನಡಿ ಬಿಡಲಿಲ್ಲ. ಆಮೇಲೆ ಉರಿ ಶುರುವಾಯಿತು. ಸಿಪ್ಪೆ ಎದ್ದಿತು. ತಿಂಗಳು ತುಂಬುವುದರೊಳಗೆ ಎರಡೂ ಕೆನ್ನೆಗೆ ಕಪ್ಪು ಮಚ್ಚೆ, ನಡುನಡುವೆ ಬಿಳಿ ಕಲೆ.

ಬಳೆ ತೊಡಿಸಲು ಬಂದ ಖಾಲಾ ನನ್ನನ್ನು ನೋಡಿ ಗಕ್ಕನೆ ನಿಂತಳು.

"ಯಾ ಅಲ್ಲಾ! ಇದನ್ನ ಹಚ್ಕೊಂಡು ಎಲ್ಲಿಗಿ ಹೋಗ್ತಿದ್ದಿ ಬೇಟಿ?"

"ಹೊಲಕ್ಕ."

ಮರುದಿನದಿಂದ ಖಾಲಾ ಅದೇ ಕ್ರೀಮನ್ನು ಬಲಗೆನ್ನೆಗೆ ಹಚ್ಚಿಕೊಂಡು, ಸೆರಗು ಸರಿಸಿ, ನಡು ಮಧ್ಯಾಹ್ನ ತನ್ನ ಕಟ್ಟೆಯ ಮೇಲೆ ಕೂಡತೊಡಗಿದಳು. ಛತ್ರಿ ಇಲ್ಲ. ಹೋಗಿಬರುವವರು, ಮುದುಕಿಗೆ ತಲೆ ಕೆಟ್ಟಿದೆ ಎಂದು ನಕ್ಕರು. ವಾರ ಕಳೆಯುವುದರೊಳಗೆ ಆ ಕೆನ್ನೆ ಸುಟ್ಟು ಕರ‍್ರಗಾಯಿತು. "ಬಿಸಲಾಗ ನಾ ಹಚ್ಚಿ ನೋಡೇ ಇಲ್ಲಲ್ಲವ್ವ" ಎಂದು ಹಣೆ ಹಣೆ ಬಡಿದುಕೊಂಡು, ಮನೆಮನೆ ತಿರುಗಿ ಡಬ್ಬಿಗಳನ್ನೆಲ್ಲ ವಾಪಸು ತಂದು ಹಿತ್ತಲಲ್ಲಿ ಹೂಳಿದಳು.

ಸುದ್ದಿ ಮಣ್ಣೂರಿಗೂ ಹೋಯಿತು. ಹುಡುಗನ ತಾಯಿ ಬಂದು ನನ್ನ ಗದ್ದ ಹಿಡಿದೆತ್ತಿ, "ತೊನ್ನೇನ್ರಿ ಇದು?" ಎಂದರು. ಅವ್ವ ಬಾಯಿ ತೆರೆಯುವ ಮೊದಲೇ ಖಾಲಾ ಒಳಗೆ ಬಂದಳು. ಯಾರೂ ಕರೆದಿರಲಿಲ್ಲ. ಸೆರಗು ತೆಗೆದು ಸುಟ್ಟ ಕೆನ್ನೆ ತೋರಿಸಿದಳು.

"ರೋಗ ಅಲ್ರಿ ಅಕ್ಕಾರ. ಕ್ರೀಮಿಂದು. ನಾನೇ ಕೊಟ್ಟಾಕಿ. ನೋಡ್ರಿ, ನನಗೂ ಹಂಗೇ ಆಗ್ಯದ. ತಪ್ಪು ನಂದು, ಹುಡುಗಿದಲ್ಲ."

ಅವರು ಅವ್ವನ ಕಡೆ ತಿರುಗಿದರು. "ಹೌದೇನ್ರಿ?"

ಹೌದು ಎಂದರೆ ಹುಟ್ಟಾ ಕೆಂಪು ಎಂದದ್ದು ಸುಳ್ಳಾಗುತ್ತಿತ್ತು. ಅವ್ವ ಅಂದಳು: "ಇಲ್ರಿ. ನಮ್ಮ ಮನ್ಯಾಗ ಯಾ ಕ್ರೀಮೂ ಬಂದಿಲ್ಲ. ಈಕಿ ಸುಮ್ನ ಏನೇನೋ ಹೇಳ್ತಾಳ."

"ನೀ ಹೇಳವ್ವ, ಕ್ರೀಮ್ ಹಚ್ಚಿದ್ದಿ ಏನು?" ಎಂದು ನನ್ನನ್ನು ಕೇಳಿದರು. ಖಾಲಾ ನನ್ನನ್ನೇ ನೋಡುತ್ತಿದ್ದಳು. ನಾನು ಇಲ್ಲವೆಂದು ತಲೆಯಾಡಿಸಿದೆ.

"ಕ್ರೀಮ್ ಅಲ್ಲಂದ್ರ ರೋಗನೇ ಆತಲ್ರಿ" ಎಂದು ಅವರು ಎದ್ದರು. ಎಂಥ ಮೂಳರು ನಾವು! ಬಿಡಿಸಲು ಬಂದವಳನ್ನೇ ಸುಳ್ಳಿ ಮಾಡಿ ನಮ್ಮ ಕುತ್ತಿಗೆಗೆ ನಾವೇ ಹಗ್ಗ ಹಾಕಿಕೊಂಡೆವು.

ನನ್ನನ್ನು ಮರುವರ್ಷ ಜೇವರ್ಗಿಯಲ್ಲಿ ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟರು. ಸುಟ್ಟ ಮುಖದವಳ ಹತ್ತಿರ ಸ್ನೋ ಪೌಡರು ಯಾರು ಕೊಳ್ಳುತ್ತಾರೆ? ಖಾಲಾನ ವ್ಯಾಪಾರ ನಿಂತಿತು. ಮುಂದೆ ಅವಳ ಕೈಕಾಲು ಊದಿದವು, ಕಿಡ್ನಿ ಹೋಗಿದೆ ಎಂದರು. ಬೆಳ್ಳಗೆ ಮಾಡುವ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ, ಅದು ಚರ್ಮದಿಂದ ಒಳಗಿಳಿದು ಕಿಡ್ನಿ ಕೆಡಿಸುತ್ತದೆ ಎಂದು ಚರ್ಮದ ಡಾಕ್ಟರೊಬ್ಬರು ಬಹಳ ವರ್ಷದ ಮೇಲೆ ನನಗೆ ಹೇಳಿದರು. ಖಾಲಾನಿಗೆ ಅದರಿಂದಲೇ ಆಯಿತೆಂದು ಅವರು ಹೇಳಲಿಲ್ಲ. ಆದರೆ ನಮಗಾಗಿ ಆ ಕೆನ್ನೆ ಎಷ್ಟು ಡಬ್ಬಿ ಕುಡಿದಿತ್ತು ಎಂಬುದು ನನಗೆ ಗೊತ್ತು.

ತವರಿಗೆ ಬಂದಾಗ ನೋಡಲು ಹೋದೆ. ಚಾಪೆಯ ಮೇಲೆ ಮಲಗಿದ್ದಳು. ಕಾಲು ಹಿಡಿದುಕೊಂಡು ಅತ್ತೆ. "ಹಚ್ಚಿದ್ದೆ ಖಾಲಾ. ದಿನಾ ಹಚ್ಚಿದ್ದೆ."

ಅವಳಿಗೆ ಸಿಟ್ಟಿರಲಿಲ್ಲ. "ನನಗ ಗೊತ್ತದಲ್ಲ ಬೇಟಿ" ಎಂದಳು. "ಅವ್ರಿಗಿ ಹೇಳಬೇಕಿತ್ತು."

ಎಂಟು ದಿನಕ್ಕೆ ಹೋಗಿಬಿಟ್ಟಳು. ಮಣ್ಣೂರಿನ ಆ ಮನೆಯವರು ಯಾರಾದರೂ ಇದನ್ನು ಓದಿದರೆ ತಿಳಿಯಲಿ: ಅವತ್ತು ಆ ಪಡಸಾಲೆಯಲ್ಲಿ ನಿಜ ಹೇಳಿದವಳು ಖಾಲಾ ಒಬ್ಬಳೇ.