ಕರೆದರೂ ಬರಬೇಡ, ದೊಡ್ಡಮ್ಮ

ಬೆಳಗಿನ ಆರು ಗಂಟೆ. ದಡದಿಂದ ಅರ್ಧ ಗಂಟೆ ದೂರದ ಬಂಡೆಸಾಲಿನ ಬಳಿ ಸಣ್ಣ ದೋಣಿಯೊಂದು ಲಂಗರು ಹಾಕಿದೆ. ಅರವತ್ನಾಲ್ಕರ ಮನುಷ್ಯರೊಬ್ಬರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸದ್ದಿಲ್ಲದೆ ನೀರಿಗಿಳಿದು ಹತ್ತು ನಿಮಿಷವಾಗಿದೆ. ದೋಣಿಯಲ್ಲಿರುವ ಅವರ ಹೆಂಡತಿ ಗಡಿಯಾರ ನೋಡಿ, ಸ್ಪ್ಯಾನರ್ ಎತ್ತಿ, ನೀರಿಗೆ ಇಳಿಬಿಟ್ಟ ಕಬ್ಬಿಣದ ಏಣಿಗೆ ಮೂರು ಸಲ ಬಡಿಯುತ್ತಾರೆ. ಠಣ್, ಠಣ್, ಠಣ್. ಆಮೇಲೆ ಕೈಕಟ್ಟಿ ಕೂರುತ್ತಾರೆ. ನೀರಿಗೆ ಏನನ್ನೂ ಹಾಕುವುದಿಲ್ಲ. ಹಾಕದೆ ಇರುವುದೇ ಈ ದಂಪತಿಯ ಕೆಲಸ.

ಕೆಳಗಿರುವವರನ್ನು ಊರು ಏಣಿಯಣ್ಣ ಎಂದು ಕರೆಯುತ್ತದೆ. ಶಾರ್ಕ್ ಎಂದರೆ ಜನ ದಡದಲ್ಲೇ ಬೆವರುತ್ತಿದ್ದ ಕಾಲದಲ್ಲಿ, ಪಂಜರವಿಲ್ಲದೆ ಪ್ರವಾಸಿಗರನ್ನು ಅವುಗಳ ನಡುವೆ ಇಳಿಸಿದ ಮೊದಲಿಗರು ಇವರು. ಏಣಿ ಬಡಿಯುವುದು, ಒಂದು ಬಕೆಟ್ ಮೀನಿನ ತುಂಡು ಸುರಿಯುವುದು. ಎರಡೇ ವಾರದಲ್ಲಿ ಶಾರ್ಕ್‌ಗಳು ಸದ್ದು ಕಲಿತವು. ಆಮೇಲೆ ಬಡಿಯುವುದೇ ತಡ, ಮೂವತ್ತು ಮೂವತ್ತೈದು ಹಾಜರ್! ಇವತ್ತು ಬಣ್ಣದ ಬೋರ್ಡ್ ಹಾಕಿಕೊಂಡು ಕೂತಿರುವ ಡೈವಿಂಗ್ ಕಂಪನಿಗಳೆಲ್ಲ ಈ ಏಣಿಯಿಂದಲೇ ಕಲಿತವು. ಒಂದರ ಗೋಡೆಯಲ್ಲೂ ಇವರ ಫೋಟೊ ಇಲ್ಲ.

ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಬಂದರಿನ ಹರಾಜು ಶೆಡ್ಡಿನ ನೆಲದ ಮೇಲೆ ಮಾರಲೆಂದು ರೆಕ್ಕೆ ಕತ್ತರಿಸಿದ ಇಪ್ಪತ್ತೆರಡು ಶಾರ್ಕ್ ಬಿದ್ದಿದ್ದವು. ಹಳೆಯ ಗಾಯ, ಕಣ್ಣಿನ ಪಕ್ಕದ ಮಚ್ಚೆ ನೋಡಿ ಒಂದೊಂದನ್ನೂ ಏಣಿಯಣ್ಣ ಗುರುತಿಸಿದರು. ಆಗ ಅವನ್ನು ಹಿಡಿದು ತಂದ ದೋಣಿಯವನೊಬ್ಬ ನಗುತ್ತಾ ಅಂದನಂತೆ, "ನಿಮ್ಮವು ಭಾರೀ ಸಾಧು ಅಣ್ಣಾ. ಏಣಿ ಬಡಿದ್ರೆ ಸಾಕು, ತಾವಾಗೇ ಬರ್ತವೆ."

"ಬೈಯೋಕೆ ಬಾಯಿ ತೆಗೆದೆ. ಆದ್ರೆ ಯಾರನ್ನ ಬೈಯೋದು?" ಎನ್ನುತ್ತಾರೆ ಏಣಿಯಣ್ಣ. "ಕರೆದ್ರೆ ಬರೋದು ಕಲಿಸಿದ್ದು ಯಾರು? ನಾನೇ ತಾನೆ?"

ಅಂದೇ ಬಕೆಟ್ ಬಿಟ್ಟರು. ಹೊಟ್ಟೆಪಾಡಿಗೆ ಮನೆಯ ನಾಲ್ಕು ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಕಲಿಸಿದ್ದನ್ನು ಮರೆಸಲು ವಾರಕ್ಕೆ ನಾಲ್ಕು ಬೆಳಗ್ಗೆ ಪರೀಕ್ಷೆ ಶುರುಮಾಡಿದರು. ಇವರು ನೀರಿನಡಿ ಬಂಡೆಯ ಪಕ್ಕ ಕೂತು ನೋಡುತ್ತಾರೆ. ಸದ್ದಾದಾಗ ಏಣಿಯ ಕಡೆ ಹೋದದ್ದು ಫೇಲು, ತನ್ನ ಪಾಡಿಗೆ ತಾನಿದ್ದದ್ದು ಪಾಸು. ಉಳಿದಿರುವ ಹದಿಮೂರರಲ್ಲಿ ಹನ್ನೆರಡು ಪಾಸಾಗಿವೆ. ಇನ್ನೊಂದು, ಬೆನ್ನಿನ ರೆಕ್ಕೆಯ ತುದಿ ಹರಿದ ಹಳೆಯ ಹೆಣ್ಣು. ಹೆಸರು ದೊಡ್ಡಮ್ಮ. ಹದಿನೆಂಟು ವರ್ಷ ಇವರ ಕೈಯಿಂದ ತಿಂದವಳು. ಅವಳು ಇವತ್ತಿಗೂ ಓಡಿ ಬರುತ್ತಾಳೆ, ಒಂದು ದಿನ ರೆಕ್ಕೆ ಕತ್ತರಿಸುವವರ ಏಣಿಗೂ ಹಾಗೇ ಓಡಿ ಹೋಗುತ್ತಾಳೆ.

ನನಗೆ ಮೈ ಉರಿಯುವುದು ಇಲ್ಲಿ. ಪಕ್ಕದ ರೆಸಾರ್ಟಿನವರು ಇದೇ ಬಂಡೆಸಾಲಿನ ಇನ್ನೊಂದು ತುದಿಯಲ್ಲಿ ಏಣಿ ಬಡಿದು ಬಕೆಟ್ ಸುರಿಯುತ್ತಾರೆ. ಅವರದೊಂದು ಬಕೆಟ್‌ಗೆ ಇವರ ಆರು ತಿಂಗಳ ಕೆಲಸ ನೀರುಪಾಲು. ತಡೆಯಬೇಕಾದ ಕಚೇರಿಗೆ ಐದು ಅರ್ಜಿ ಹೋಗಿವೆ. ಏಣಿ ಬಡಿಯುವುದಕ್ಕೆ ನಿಯಮದಲ್ಲಿ ನಿಷೇಧವಿಲ್ಲ ಎಂದು ಐದಕ್ಕೂ ಒಂದೇ ಉತ್ತರ. ಅಕ್ಷರ ಬಲ್ಲವರು ಬರೆದ ಉತ್ತರ ಇದು! ಅದೇ ಕಚೇರಿ ಇವರಿಗೆ 'ಕಡಲ ಗೆಳೆಯ' ಎಂಬ ಹಿತ್ತಾಳೆ ಫಲಕವನ್ನೂ ಕೊಟ್ಟಿದೆ. ಅದೀಗ ಅತಿಥಿಗಳ ಬಚ್ಚಲುಮನೆ ಬಾಗಿಲಿಗೆ ಅಡ್ಡ ಇದೆ.

"ಗಾಳಿಗೆ ಬಾಗಿಲು ಬಡ್ಕೊಳ್ಳೋದು ನಿಂತಿದೆ. ಅವರಿಂದಾದ ಉಪಕಾರ ಅದೊಂದೇ," ಎನ್ನುತ್ತಾರೆ ಹೆಂಡತಿ.

ಕಾಟ ಕೊಡುವುದರಲ್ಲಿ ಅತಿಥಿಗಳೂ ಕಮ್ಮಿಯಿಲ್ಲ. ನಿನ್ನೆ ತಿಂಡಿಯ ಹೊತ್ತಿಗೆ ನನ್ನೆದುರೇ ಒಬ್ಬರು ಕ್ಯಾಮೆರಾ ಒರೆಸುತ್ತಾ, "ಒಂದೇ ಒಂದು ಬಕೆಟ್ ಹಾಕಿದ್ರೆ ಏನು ಗಂಟು ಹೋಗತ್ತೆ?" ಎಂದರು. ಏಣಿಯಣ್ಣ ಅವರ ತಟ್ಟೆಗೆ ಇನ್ನೊಂದು ಮೊಟ್ಟೆ ಬಡಿಸಿದರು. "ತಿನ್ನಿ. ತಿಂದು ಬ್ಯಾಗ್ ಕಟ್ಟಿ," ಎಂದರು. ನಾಲ್ಕು ಕೋಣೆಯಲ್ಲಿ ಈಗ ಮೂರು ಖಾಲಿ. ಉಳಿದೊಂದರಲ್ಲಿ ನಾನಿದ್ದೇನೆ.

ಈಗ ಏಣಿಯಣ್ಣ ಮೇಲೆ ಬಂದು ಏಣಿ ಹಿಡಿದುಕೊಳ್ಳುತ್ತಾರೆ. ಹೆಂಡತಿಯ ಕೈಯಲ್ಲಿನ್ನೂ ಸ್ಪ್ಯಾನರ್.

"ಏನ್ರೀ, ದೊಡ್ಡಮ್ಮ?"

"ಬಂದ್ಲು."

"ಥೂ, ಇವಳ..."

"ಪೂರ್ತಿ ಬರ್ಲಿಲ್ಲ ಕಣೇ. ಅರ್ಧ ದಾರೀಲಿ ನಿಂತ್ಲು. ವಾಪಸ್ ಹೋದ್ಲು."

ಒಂಬತ್ತು ವರ್ಷದಲ್ಲಿ ಇದೇ ಮೊದಲು. ಹೆಂಡತಿ ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ಬಂಡೆಸಾಲಿನ ಆ ತುದಿಯಿಂದ, ರೆಸಾರ್ಟಿನ ದೋಣಿಯಿಂದ ಕೇಳಿಸುತ್ತದೆ. ಠಣ್, ಠಣ್, ಠಣ್.

ಏಣಿಯಣ್ಣ ಆ ದಿಕ್ಕಿಗೆ ಬೈದ ಬೈಗುಳವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಲಾಗದು. ಹೊಸ ಸಿಲಿಂಡರ್ ಕೊಡುವಂತೆ ಕೈ ಚಾಚುತ್ತಾರೆ.

"ಬಾ ಅಂತ ಕಲಿಸೋಕೆ ಎರಡೇ ವಾರ ಸಾಕಾಯ್ತು ನಂಗೆ," ಎನ್ನುತ್ತಾ ಮಾಸ್ಕ್ ಎಳೆದುಕೊಳ್ಳುತ್ತಾರೆ. "ನಾನು ಕರೆದಾಗ ಒಂದೇ ಒಂದ್ಸಲ ಅವಳು ನನ್ನ ಮುಖಾನೂ ನೋಡದೆ ಹೋಗ್ಬೇಕು. ಅಷ್ಟು ನೋಡಿಬಿಟ್ರೆ ಸಾಕು."