ಸ್ಟೆಪ್ಸ್ ಇಲ್ಲದ ಉತ್ತರ

ಪಕ್ಕದ ಮನೆಯ ಗಣಿತದ ಮೇಷ್ಟ್ರು ಜಪಾನಿನ ಸೂಪರ್‌ಹೀರೋ ಧಾರಾವಾಹಿ ನೋಡುತ್ತಾರೆಂಬುದು ಓಣಿಗೆಲ್ಲ ಗೊತ್ತು. ಯಾರಿಗೂ ಗೊತ್ತಿಲ್ಲವೆಂದು ನಂಬಿರುವವರು ಮೇಷ್ಟ್ರೊಬ್ಬರೇ. ಬಾಗಿಲು ತಟ್ಟಿದರೆ ಸಾಕು, ಒಳಗೆ ರಾಕ್ಷಸನ ಆರ್ಭಟ ಅರ್ಧಕ್ಕೇ ನಿಂತು ವಾರ್ತೆ ಶುರುವಾಗುತ್ತದೆ. "ಏನಿಲ್ಲ, ಹಾಗೇ ಚಾನೆಲ್ ತಿರುಗಿಸ್ತಿದ್ದೆ" ಎನ್ನುವಾಗ ಅವರ ಕಿವಿ ಕೆಂಪಾಗಿರುತ್ತದೆ. ಆದರೆ ನಾನು ಕುರ್ಚಿ ಎಳೆದು ಕೂತು, ಈ ಸೀಸನ್ ಹೇಗಿದೆ ಎಂದು ಮೆಲ್ಲಗೆ ಕೆಣಕಿದರೆ ತಡೆಯಲಾರರು. ಬಣ್ಣಬಣ್ಣದ ವೀರರಿಗೆಲ್ಲ ಅವರೇ ಹೆಸರಿಟ್ಟಿದ್ದಾರೆ. "ಕೆಂಪಣ್ಣ ಪಾಸು. ನೀಲಪ್ಪಂದು ಬರೀ ಪೋಸು, ಗ್ರೇಸ್ ಮಾರ್ಕ್ಸ್ ಕೊಡಬೇಕು. ಖಳನಾಯಕ ಫಸ್ಟ್ ಕ್ಲಾಸ್! ಆದ್ರೆ ರಾಕ್ಷಸನ ಬೆನ್ನಲ್ಲಿ ಜಿಪ್ಪು ಕಾಣುತ್ತೆ ಕಣ್ರೀ, ಅದಕ್ಕೆ ಅರ್ಧ ಮಾರ್ಕು ಕಟ್." ಆ ವೀರರಲ್ಲೊಬ್ಬಳಾದ ಹಳದಿ ಉಡುಪಿನ ಹುಡುಗಿಯ ಮಾತು ಬಂದರೆ ಮಾತ್ರ ದನಿ ಏರುತ್ತದೆ. "ಅವಳಪ್ಪ ಬಂದು ತಪ್ಪಾಯ್ತು ಅಂತಾನೆ, ಮಗಳು ತಕ್ಷಣ ನಕ್ಕುಬಿಡ್ತಾಳೆ. ಇಡೀ ಸೀಸನ್ ಕೆಟ್ಟಿದ್ದೇ ಅಲ್ಲಿ. ಸ್ಟೆಪ್ಸೇ ಇಲ್ಲ, ಬರೀ ಉತ್ತರ!" ಅಡುಗೆಮನೆಯಿಂದ ಅವರ ಹೆಂಡತಿ ಕೆಮ್ಮುತ್ತಾರೆ, ಮೇಷ್ಟ್ರು ತಲೆ ತಗ್ಗಿಸುತ್ತಾರೆ. ಒಮ್ಮೆ ಲೆಕ್ಕ ತಪ್ಪಿದ ತಮ್ಮ ಮಗಳನ್ನೇ ಬೋರ್ಡಿನ ಮುಂದೆ ನಿಲ್ಲಿಸಿ, ಇಡೀ ತರಗತಿ ನಗುವಂತೆ ಮಾಡಿದ್ದರಂತೆ. ಬೇರೆ ಊರಲ್ಲಿರುವ ಅವಳ ಫೋನು ಈಗ ಬಂದರೂ ಅಮ್ಮನಿಗೆ ಮಾತ್ರ. ನಾನು ಹೊರಬಿದ್ದು ಕಿಟಕಿ ದಾಟುವಷ್ಟರಲ್ಲಿ ವಾರ್ತೆ ಹೋಗಿ ಮತ್ತೆ ಅದೇ ದೃಶ್ಯ ಬಂದಿರುತ್ತದೆ. ಅಪ್ಪ ತಪ್ಪಾಯ್ತು ಎನ್ನುತ್ತಾನೆ, ಮಗಳು ನಗುತ್ತಾಳೆ. ಮೇಷ್ಟ್ರು ಅದನ್ನು ಹಿಂದಕ್ಕೆ ಓಡಿಸಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡುತ್ತಾರೆ, ನಡುವೆ ಒಂದು ಸ್ಟೆಪ್ ತಮ್ಮ ಕಣ್ತಪ್ಪಿ ಹೋಗಿರಬಹುದೇನೋ ಎಂದು.