ಎರಡು ಮಷಿನ್ನು, ಒಂದೇ ಗೇಟು

ಭೀಮರಾಯನಗುಡಿ ಕ್ಯಾಂಪಿನಲ್ಲಿ ಕಾಲುವೆ ಗೇಟುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದ ನಮಗೊಬ್ಬ ಮೇಸ್ತ್ರಿಯಿದ್ದರು. ನಗು ಬಂದರೆ ತೊಡೆ ತಟ್ಟಿಕೊಳ್ಳುವರು. ಸಿಟ್ಟು ಬಂದರೂ ಅಷ್ಟೇ. ಕೇಬಲ್ ಮುಟ್ಟುವ ಮುಂಚೆ ದಿನವೂ ಒಂದೇ ಮಾತು: "ಕರೆಂಟಿಗಿ ನಾಚಿಕಿಲ್ರಪಾ, ಯಾರ ಕೈ ಸಿಕ್ರೂ ಹಿಡಕೋತದ."

ಒಂದು ಮಧ್ಯಾಹ್ನ ನಾನೂ ಗೆಳೆಯನೂ ಬೇರೆ ಬೇರೆ ಮಷಿನ್ನಿನಿಂದ ಒಂದೇ ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದೆವು. ಬೀಡಿ ಹಚ್ಚಬೇಕು, ತುಸು ಹಿಡಕೋ ಎಂದು ಅವನು ವೆಲ್ಡಿಂಗ್ ಕಡ್ಡಿ ಸಿಕ್ಕಿಸಿದ್ದ ತನ್ನ ಹೋಲ್ಡರನ್ನು ನನ್ನತ್ತ ಚಾಚಿದ. ನನ್ನ ಹೋಲ್ಡರ್ ಬಲಗೈಯಲ್ಲಿತ್ತು; ಎಡಗೈ ಮುಂದೆ ಹೋಗಿಯೇ ಬಿಟ್ಟಿತ್ತು.

"ಮುಟ್ಟಬ್ಯಾಡೋ!" ಎಂದು ಕೂಗುತ್ತಾ ಮೇಸ್ತ್ರಿ ಧೋತರ ಎತ್ತಿಕೊಂಡು ಓಡಿ ಬಂದು ಎರಡೂ ಸ್ವಿಚ್ ಆರಿಸಿದರು. ಆಮೇಲೆ ಎರಡೂ ಹೋಲ್ಡರುಗಳ ನಡುವೆ ಬಲ್ಬೊಂದನ್ನು ಕಟ್ಟಿ, ನಮ್ಮನ್ನು ದೂರ ನಿಲ್ಲಿಸಿ, ಸ್ವಿಚ್ ಹಾಕಿದರು. ಬಲ್ಬು ಝಗ್ಗನೆ ಹೊತ್ತಿತು.

"ಕಂಡ್ರೇನು? ಒಂದು ಮಷಿನ್ ಉಲ್ಟಾ ಜೋಡಿಸೀರಿ. ಎರಡರ ಜೋರೂ ಕೂಡಿ ನಿನ್ನ ಎದಿಯಾಗ ಹಾದು ಹೋಗ್ತಿತ್ತು!"

ಮತ್ತೆ ಸ್ವಿಚ್ ಆರಿಸಿ, ಒಂದು ಮಷಿನ್ನಿನ ಕೇಬಲ್‌ಗಳನ್ನು ಅದಲುಬದಲು ಮಾಡಿದರು. ಈ ಸಲ ಸ್ವಿಚ್ ಹಾಕಿದರೆ ಬಲ್ಬು ಹೊತ್ತಲೇ ಇಲ್ಲ. ಮೇಸ್ತ್ರಿ ತೊಡೆ ತಟ್ಟಿ ಕುಣಿದರು. ಬದುಕಿಕೊಂಡ ಖುಷಿಗೆ ನಾವೂ ಕುಣಿದೆವು.

"ಆದ್ರೂ ಇನ್ನೊಬ್ಬರ ಹೋಲ್ಡರ್ ಹಿಡೀಬ್ಯಾಡ್ರಿ ಮತ್ತ!"

ಚಹಾ ಬಂದಾಗಲೂ ನಗು ನಿಂತಿರಲಿಲ್ಲ. ಆದರೆ ಮೂವರ ಕೈಯಲ್ಲೂ ಕಪ್ಪು-ಬಸಿಗಳು ಗಡಗಡ ಸದ್ದು ಮಾಡುತ್ತಿದ್ದವು. ಎಲ್ಲಕ್ಕಿಂತ ಜೋರಾಗಿ ಮೇಸ್ತ್ರಿಯವು.